‘ಅಪ್ಪಾ, ಈ ಸಿಂಹದ ದನಿ ಯಾರದು?’

ಮೈಸೂರಿನ ಅಪ್ಪ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬಿಡುವಾದಾಗ ಓದಿ.

ನನ್ನ ಮಗ ಏಳನೇ ಕ್ಲಾಸು. ಮಾತಾಡುವಾಗ ಉಗ್ಗುತ್ತಾನೆ. ಮನೆಯಲ್ಲಿ ಕಡಿಮೆ, ಹೊರಗೆ ಜಾಸ್ತಿ. ‘ಕ’ ಬಂದರೆ ಸಿಕ್ಕಿಕೊಳ್ಳುತ್ತಾನೆ. ಅಂಗಡಿಗೆ ಕಳಿಸಿದರೆ ಕೊತ್ತಂಬರಿ ಅನ್ನಲಾಗದೆ ಸೊಪ್ಪಿನ ಕಡೆ ಕೈ ತೋರಿಸಿ ನಿಲ್ಲುತ್ತಾನೆ. ಅವರು ಪುದೀನ ಕೊಟ್ಟರೆ ಸುಮ್ನೆ ಅದನ್ನೇ ತಂದುಬಿಡುತ್ತಾನೆ. ನಮ್ಮ ಮನೆಯಲ್ಲಿ ಹೀಗೆ ಎಷ್ಟು ಸಲ ಪುದೀನ ಚಟ್ನಿ ಆಗಿದೆಯೋ. ಅವನಮ್ಮ ಒಂದು ದಿನವೂ ಯಾಕೆ ಅಂತ ಕೇಳಿಲ್ಲ.

ಹೋದ ತಿಂಗಳು ಒಂದು ಭಾನುವಾರ 1994ರ ‘ದಿ ಲಯನ್ ಕಿಂಗ್’ ಇಂಗ್ಲಿಷಿನಲ್ಲೇ ನೋಡುತ್ತಿದ್ದೆವು. ಅಪ್ಪ ಸಿಂಹ ಮುಫಾಸ ರಾತ್ರಿ ಹೊತ್ತು ಮರಿಗೆ ನಕ್ಷತ್ರ ತೋರಿಸುವ ಜಾಗ ಬಂತು. ಮಗ ರಿಮೋಟು ತೆಗೆದುಕೊಂಡು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದ. ಮೂರನೇ ಸಲ ಆದಮೇಲೆ ‘ಅಪ್ಪಾ, ಈ ಸಿಂಹದ ದನಿ ಯಾರದು?’ ಅಂದ.

ಹುಡುಕಿದೆ. ಜೇಮ್ಸ್ ಅರ್ಲ್ ಜೋನ್ಸ್. 1931ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿದವರು. ಅಪ್ಪ ಬಿಟ್ಟುಹೋಗಿದ್ದರು. ತಾಯಿಯ ಅಪ್ಪ ಅಮ್ಮ ಸಾಕಿದರು. ಐದು ವರ್ಷದವರಿದ್ದಾಗ ಎಲ್ಲರೂ ಮಿಶಿಗನ್ನಿನ ಒಂದು ಹಳ್ಳಿಗೆ ಬಂದು ಬೇಸಾಯಕ್ಕೆ ನಿಂತರು. ಅಲ್ಲಿ ಈ ಹುಡುಗನಿಗೆ ಉಗ್ಗು ಹಿಡಿಯಿತು. ನಗುತ್ತಾರೆ ಅಂತ ಮಾತೇ ನಿಲ್ಲಿಸಿಬಿಟ್ಟ. ಸುಮಾರು ಎಂಟು ವರ್ಷ! ಕೊಟ್ಟಿಗೆಯ ದನಗಳ ಹತ್ತಿರ ಮಾತ್ರ ಮಾತಾಡುತ್ತಿದ್ದನಂತೆ.

ಹೈಸ್ಕೂಲಿನಲ್ಲಿ ಡೊನಾಲ್ಡ್ ಕ್ರೌಚ್ ಅನ್ನುವ ಮೇಷ್ಟ್ರು ಸಿಕ್ಕರು. ಹುಡುಗ ಗುಟ್ಟಾಗಿ ಪದ್ಯ ಬರೆಯುತ್ತಾನೆ ಅಂತ ಅವರಿಗೆ ಗೊತ್ತಾಯಿತು. ಗ್ರೇಪ್‌ಫ್ರೂಟ್ ಹಣ್ಣಿನ ಮೇಲೆ ಬರೆದ ಪದ್ಯ. ನಮ್ಮ ದೇವನಹಳ್ಳಿ ಚಕ್ಕೋತದ ದಾಯಾದಿ ಅದು. ‘ಇಷ್ಟು ಚೆನ್ನಾಗಿದೆ, ಇದು ನಿನ್ನದೇ ಅಂತ ಹೇಗೆ ನಂಬಲಿ? ನಿನ್ನದಾದರೆ ಎಲ್ಲರ ಮುಂದೆ ಬಾಯಿಪಾಠ ಹೇಳು’ ಅಂತ ಮೇಷ್ಟ್ರು ಪಟ್ಟು ಹಿಡಿದರು. ಹುಡುಗ ಎದ್ದು ನಿಂತ. ಕೊನೆಯವರೆಗೆ ಹೇಳಿದ. ಒಂದು ಕಡೆಯೂ ಉಗ್ಗಲಿಲ್ಲ.

ಮುಂದೆ ಅದೇ ಬಾಯಿ 1977ರಲ್ಲಿ ‘ಸ್ಟಾರ್ ವಾರ್ಸ್’ ಸಿನಿಮಾದ ಖಳ ಡಾರ್ತ್ ವೇಡರ್‌ಗೆ ದನಿ ಕೊಟ್ಟಿತು. ಆ ಕೆಲಸಕ್ಕೆ ಸಿಕ್ಕಿದ್ದು 7000 ಡಾಲರ್. ನಾಟಕಕ್ಕೆ ಎರಡು ಸಲ, 1969 ಮತ್ತು 1987ರಲ್ಲಿ, ಟೋನಿ ಪ್ರಶಸ್ತಿ ಬಂತು. 2022ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯ ಒಂದು ರಂಗಮಂದಿರಕ್ಕೆ ಅವರ ಹೆಸರಿಟ್ಟರು. 2024ರ ಸೆಪ್ಟೆಂಬರಿನಲ್ಲಿ, 93ರ ವಯಸ್ಸಿನಲ್ಲಿ ತೀರಿಕೊಂಡರು.

ಇಷ್ಟನ್ನೂ ಹೇಳಿದ ಮೇಲೆ ನನ್ನ ಮಗ ಕೇಳಿದ್ದು ಒಂದೇ ಪ್ರಶ್ನೆ. ‘ಎಂಟು ವರ್ಷ ಅವರಜ್ಜಿ ಬೈಯಲಿಲ್ವಾ?’

ಶನಿವಾರ ಅವನ ಮೂವರು ಗೆಳೆಯರು ನಮ್ಮ ಮನೆಗೆ ಬರುತ್ತಾರೆ. ವಾರಕ್ಕೊಬ್ಬರ ಕತೆ ಹೇಳೋಣ ಅಂತಿದ್ದೇನೆ. ಸಿನಿಮಾ, ಟಿವಿ, ಪತ್ರಿಕೆ ಈ ಲೋಕದ ಕಪ್ಪುವರ್ಣೀಯ ಗಂಡಸರ ಕತೆಗಳು. ಬಂಗಲೆ, ಕಾರಿನ ಕತೆ ಬೇಡ. ಗಂಡುಹುಡುಗರು ನೋಡಿ ‘ಹೀಗೂ ಇರಬಹುದು’ ಅಂದುಕೊಳ್ಳುವಂಥವು ಇದ್ದರೆ ಹೇಳಿ.

ಮಾತಿನ ಮನೆ:

ಸರ್, ನಾನು ಸ್ಪೀಚ್ ಥೆರಪಿಸ್ಟ್. ಪುದೀನದ ವಿಷಯ ಓದಿ ಒಂದು ಕ್ಷಣ ಸುಮ್ಮನೆ ಕೂತೆ. ಉಗ್ಗುವ ಎಷ್ಟೋ ಮಕ್ಕಳು ಹೀಗೆ ಪದ ಬದಲಾಯಿಸುತ್ತಾರೆ. ತಮಗೆ ಬೇಕಾದ್ದನ್ನೇ ಬಿಟ್ಟುಕೊಡುತ್ತಾರೆ. ಅದು ಅಪ್ಪ ಅಮ್ಮನ ಕಣ್ಣಿಗೆ ಬೀಳುವುದು ಅಪರೂಪ. ನಿಮಗೆ ಬಿದ್ದಿದೆ.

ಜೋನ್ಸ್ ಕತೆ ಹೇಳುವಾಗ ಒಂದು ಎಚ್ಚರಿಕೆ ಇರಲಿ. ಬಾಯಿಪಾಠ ಒಪ್ಪಿಸುವಾಗ, ಹಾಡುವಾಗ, ಎಲ್ಲರ ಜೊತೆ ಸೇರಿ ಓದುವಾಗ ತುಂಬ ಜನಕ್ಕೆ ಉಗ್ಗು ಬರುವುದಿಲ್ಲ. ಹಾಗಂತ ಪದ್ಯ ಹೇಳಿದ ದಿನವೇ ಅದು ವಾಸಿಯಾಯಿತು ಅಂತ ಮಗು ತಿಳಿಯಬಾರದು. ತಿಳಿದರೆ, ತಾನು ಪದ್ಯ ಹೇಳಿ ಮಾರನೇ ದಿನ ಮತ್ತೆ ಉಗ್ಗಿದಾಗ ಕುಸಿದುಹೋಗುತ್ತದೆ. ಜೋನ್ಸ್ ಅವರೇ ಹೇಳಿಕೊಂಡಿದ್ದಾರೆ, ತನಗೆ ವಾಸಿಯಾಗಿಲ್ಲ, ಅದನ್ನು ಇಟ್ಟುಕೊಂಡೇ ಕೆಲಸ ಮಾಡುತ್ತೇನೆ ಅಂತ. ಮುದುಕರಾದ ಮೇಲೂ ಮಾತಿನ ಮಧ್ಯೆ ಪದ ಆರಿಸಿ ಆರಿಸಿ ಇಡುತ್ತಿದ್ದರು. ಆ ದನಿಗೆ ಅಷ್ಟು ತೂಕ ಬಂದದ್ದರಲ್ಲಿ ಈ ನಿಧಾನದ ಪಾಲೂ ಇದೆ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಹೇಳಬೇಕು. 1969ರಲ್ಲಿ ‘ಸೆಸಮಿ ಸ್ಟ್ರೀಟ್’ ಅನ್ನುವ ಮಕ್ಕಳ ಕಾರ್ಯಕ್ರಮ ಶುರುವಾಯಿತು. ಅದಕ್ಕೆ ಜೋನ್ಸ್ ಅವರಿಂದ ಇಂಗ್ಲಿಷ್ ಅಕ್ಷರಮಾಲೆ ಹೇಳಿಸಿದರು. ತಲೆ ನುಣ್ಣಗೆ ಬೋಳಿಸಿಕೊಂಡು, ನೇರ ಕ್ಯಾಮೆರಾ ನೋಡುತ್ತಾ ನಿಂತಿದ್ದಾರೆ. ಅಕ್ಷರ ಮೊದಲು ಪರದೆ ಮೇಲೆ ಬರುತ್ತದೆ. ಅವರು ತಕ್ಷಣ ಹೇಳುವುದಿಲ್ಲ. ನೋಡುತ್ತಾರೆ, ನಿಲ್ಲುತ್ತಾರೆ, ಆಮೇಲೆ ಹೇಳುತ್ತಾರೆ. ನೋಡುವ ಮಕ್ಕಳು ಮೊದಲ ಸಲ ಅವರ ಹಿಂದೆ ಹೇಳಿದರು. ಆಮೇಲೆ ಅಕ್ಷರ ಕಂಡ ಕೂಡಲೇ, ಅವರು ಬಾಯಿ ತೆರೆಯುವುದಕ್ಕೂ ಮುಂಚೆ ತಾವೇ ಹೇಳತೊಡಗಿದರು. ಮಕ್ಕಳ ಕಲಿಕೆ ಓದಿದವರು ಇದಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ಎಂಟು ವರ್ಷ ಮಾತು ಬಿಟ್ಟಿದ್ದವರ ಮೌನ ಇಡೀ ದೇಶದ ಮಕ್ಕಳಿಗೆ ಅಕ್ಷರ ಕಲಿಸಿತು. ನನ್ನ ಹತ್ತಿರ ಬರುವ ಹೊಸ ತಾಯಂದಿರಿಗೆಲ್ಲ ಇದನ್ನು ಹೇಳುತ್ತೇನೆ.

ಮಗನನ್ನು ಇನ್ನೂ ತೋರಿಸಿಲ್ಲ ಅಂದರೆ, ನಿಮ್ಮೂರಿನ ಮಾನಸಗಂಗೋತ್ರಿಯಲ್ಲೇ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆ ಇದೆ. ಒಂದು ಸಲ ಹೋಗಿ ಬನ್ನಿ. ಮನೆಯಲ್ಲಿ ‘ನಿಧಾನಕ್ಕೆ ಹೇಳು’ ಅನ್ನಬೇಡಿ. ಅವನ ವಾಕ್ಯ ನೀವು ಮುಗಿಸಬೇಡಿ. ಕಾಯಿರಿ.

ಹಳೇ ಸಿನಿಮಾ, ಬಸವನಗುಡಿ:

ಅಕ್ಷರದ ಮಾತು ಬಂತಲ್ಲ, ಹಾಗಾದರೆ ನಾನು ನಟ ಸಿಡ್ನಿ ಪಾಯ್ಟಿಯರ್ ಬಗ್ಗೆ ಹೇಳಲೇಬೇಕು.

ಅಪ್ಪ ಅಮ್ಮ ಬಹಾಮಾಸ್‌ನ ಕ್ಯಾಟ್ ಐಲ್ಯಾಂಡ್ ಅನ್ನುವ ದ್ವೀಪದಲ್ಲಿ ಟೊಮೆಟೊ ಬೆಳೆಯುವವರು. ಮಾರುವುದಕ್ಕೆ ಅಂತ ಮಯಾಮಿಗೆ ಬಂದಾಗ, 1927ರ ಫೆಬ್ರವರಿಯಲ್ಲಿ, ದಿನ ತುಂಬುವ ಮೊದಲೇ ಹೆರಿಗೆ ಆಯಿತು. ಮಗು ಉಳಿಯುವುದಿಲ್ಲ ಅಂತ ಅಪ್ಪ ಹೂಳುವುದಕ್ಕೆ ಶೂ ಡಬ್ಬಿಯನ್ನೂ ತಂದಿಟ್ಟಿದ್ದರಂತೆ. ಆ ಮಗು 94 ವರ್ಷ ಬದುಕಿತು.

ಹದಿನಾರರಲ್ಲಿ ಒಬ್ಬನೇ ನ್ಯೂಯಾರ್ಕಿಗೆ ಬಂದ. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ. ಪೇಪರಿನಲ್ಲಿ ‘ನಟರು ಬೇಕಾಗಿದ್ದಾರೆ’ ಅಂತ ನೋಡಿ ಅಮೆರಿಕನ್ ನೀಗ್ರೋ ಥಿಯೇಟರ್‌ಗೆ ಹೋದ. ಕೈಗೆ ಸ್ಕ್ರಿಪ್ಟ್ ಕೊಟ್ಟರು. ಓದುವುದಕ್ಕೆ ಸರಿಯಾಗಿ ಬರುತ್ತಿರಲಿಲ್ಲ, ಉಚ್ಚಾರಣೆಯೂ ದ್ವೀಪದ್ದು. ಅಲ್ಲಿದ್ದವರು ಅವನನ್ನು ಬಾಗಿಲ ತನಕ ತಳ್ಳಿಕೊಂಡು ಹೋಗಿ, ಹೋಗಿ ಪಾತ್ರೆ ತೊಳಿ ಅಂದರು. ಅವನು ಪಾತ್ರೆಯನ್ನೇ ತೊಳೆಯುತ್ತಿದ್ದ ಅಂತ ಅವರಿಗೆ ಗೊತ್ತಿರಲಿಲ್ಲ. ಆ ಮಾತು ಎಷ್ಟು ಚುಚ್ಚಿತು ಅಂದರೆ, ನಟನಾಗಿಯೇ ತೀರುತ್ತೇನೆ ಅಂತ ಅಲ್ಲೇ ತೀರ್ಮಾನ ಮಾಡಿದ. ಒಂದು ರೇಡಿಯೋ ಕೊಂಡ. ಅದರಲ್ಲಿ ಮಾತಾಡುವವರ ಹಿಂದೆ ಹಿಂದೆಯೇ ಹೇಳುತ್ತಾ ತಿಂಗಳುಗಟ್ಟಲೆ ನಾಲಿಗೆ ಪಳಗಿಸಿದ.

ಇನ್ನು ಓದು? ಅವನು ಕೆಲಸ ಮಾಡುವ ಹೋಟೆಲಿನಲ್ಲಿ ಒಬ್ಬ ವಯಸ್ಸಾದ ಯಹೂದಿ ಸಪ್ಲೈಯರ್ ಇದ್ದರು. ರಾತ್ರಿ ಕೆಲಸ ಮುಗಿದ ಮೇಲೆ ಒಂದು ದಿನ ಪೇಪರ್ ಹಿಡಿದು ಕೂತಿದ್ದ ಅವರು, ‘ಇವತ್ತು ಪೇಪರಿನಲ್ಲಿ ಏನಿದೆ’ ಅಂತ ಹುಡುಗನನ್ನು ಮಾತಿಗೆಳೆದರು. ‘ನನಗೆ ಅಷ್ಟು ಚೆನ್ನಾಗಿ ಓದೋಕೆ ಬರಲ್ಲ’ ಅಂದ. ‘ಹಾಗಾದರೆ ನನ್ನ ಜೊತೆ ಓದುತ್ತೀಯಾ?’ ಅಂದರು. ಅಲ್ಲಿಂದ ದಿನಾ ರಾತ್ರಿ ಪಾಠ. ಅಲ್ಪವಿರಾಮ ಅಂದರೇನು, ಅಲ್ಲಿ ಯಾಕೆ ನಿಲ್ಲಬೇಕು ಅನ್ನುವುದನ್ನೂ ಅವರೇ ಹೇಳಿಕೊಟ್ಟರು. ಇಡೀ ದಿನ ತಟ್ಟೆ ಹೊತ್ತು ಕಾಲು ನೋಯುವ ಹೊತ್ತು ಅದು. ಹೋಟೆಲಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಆ ಹೊತ್ತಿನಲ್ಲಿ ಚಪ್ಪಲಿ ಬಿಟ್ಟು ಕೂತರೆ ಸಾಕಪ್ಪ ಅನ್ನಿಸುತ್ತದೆ. 2013ರಲ್ಲಿ ಟಿವಿ ಸಂದರ್ಶನದಲ್ಲಿ ಇದನ್ನು ಹೇಳುವಾಗ ಪಾಯ್ಟಿಯರ್ ಅವರಿಗೆ 86 ವರ್ಷ. ಆ ಮನುಷ್ಯನಿಗೆ ಸರಿಯಾಗಿ ಕೃತಜ್ಞತೆ ಹೇಳಲಾಗಲಿಲ್ಲ ಅಂತ ಕಣ್ಣೀರು ತುಂಬಿಕೊಂಡರು.

1964ರಲ್ಲಿ ಅತ್ಯುತ್ತಮ ನಟ ಆಸ್ಕರ್. ಆ ಪ್ರಶಸ್ತಿ ಪಡೆದ ಮೊದಲ ಕಪ್ಪುವರ್ಣೀಯ ಗಂಡಸು ಅವರು. ಇದು ಎಲ್ಲರಿಗೂ ಗೊತ್ತು. ಆದರೆ ಅದೇ ವರ್ಷ ಆಗಸ್ಟಿನಲ್ಲಿ ಏನು ಮಾಡಿದರು ಅನ್ನುವುದು ನನಗೆ ಅದಕ್ಕಿಂತ ದೊಡ್ಡದು. ಮಿಸಿಸಿಪ್ಪಿಯಲ್ಲಿ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸುತ್ತಿದ್ದ ಕಾರ್ಯಕರ್ತರಿಗೆ ದುಡ್ಡು ಬೇಕಾಗಿತ್ತು. ಮೂವರು ಯುವಕರನ್ನು ಕೊಂದು ಹೂತಿದ್ದ ಹೊತ್ತು ಅದು. ಗಾಯಕ ಹ್ಯಾರಿ ಬೆಲಫಾಂಟೆ 70,000 ಡಾಲರ್ ಒಟ್ಟುಮಾಡಿ ಗೆಳೆಯನಿಗೆ ಫೋನ್ ಮಾಡಿದರು. ಇಬ್ಬರೂ ನಗದು ತುಂಬಿದ ಬ್ಯಾಗು ಹಿಡಿದು ಗ್ರೀನ್‌ವುಡ್‌ಗೆ ಹೋದರು. ರಾತ್ರಿ ವಿಮಾನ ಇಳಿದು ಹೊರಟರೆ ಕಪ್ಪು ಜನರ ಮೇಲೆ ದಾಳಿ ಮಾಡುವ ಕು ಕ್ಲಕ್ಸ್ ಕ್ಲಾನ್ ಗುಂಪಿನವರ ವಾಹನ ಹಿಂದೆ ಬಿದ್ದು ಇವರ ಕಾರಿಗೆ ಗುದ್ದತೊಡಗಿತು. ಕೈಗೆ ಆಸ್ಕರ್ ಬಂದು ನಾಲ್ಕು ತಿಂಗಳು ಆಗಿತ್ತಷ್ಟೇ.

1967ರಲ್ಲಿ ‘ಇನ್ ದ ಹೀಟ್ ಆಫ್ ದ ನೈಟ್’ ಬಂದಾಗ ಕತೆ ನಡೆಯುವುದು ಮಿಸಿಸಿಪ್ಪಿಯಲ್ಲಿ. ಅಲ್ಲಿಗೆ ಶೂಟಿಂಗಿಗೆ ಬರುವುದಿಲ್ಲ ಅಂತ ಪಾಯ್ಟಿಯರ್ ಹೇಳಿದರು. ಬಹುಪಾಲು ಇಲಿನಾಯ್ಸ್‌ನ ಸ್ಪಾರ್ಟಾ ಅನ್ನುವ ಊರಿನಲ್ಲಿ ತೆಗೆದರು. ಅದರಲ್ಲಿ ಬಿಳಿಯ ಜಮೀನ್ದಾರ ಕೆನ್ನೆಗೆ ಹೊಡೆದರೆ, ಇವರು ತಕ್ಷಣ ತಿರುಗಿ ಹೊಡೆಯುತ್ತಾರೆ. ನಾನು ಅದನ್ನು ನೋಡಿದ್ದು ಕಾಲೇಜಿನಲ್ಲಿ, ಹಳೇ ವಿಸಿಆರ್‌ನಲ್ಲಿ. ಹಾಸ್ಟೆಲ್ ರೂಮಿನಲ್ಲಿ ಹದಿನೈದು ಜನ. ಯಾರೂ ಉಸಿರಾಡಲಿಲ್ಲ.

ಅಟ್ಲಾಂಟಾದಿಂದ ಅಕ್ಕ:

ಬಸವನಗುಡಿಯವರೇ, ಆ ಸಪ್ಲೈಯರ್ ವಿಷಯ ಓದಿ ನನ್ನ ಯಜಮಾನರಿಗೂ ಓದಿ ಹೇಳಿದೆ.

ನಾನು ಇರುವುದು ಜಾರ್ಜಿಯಾ ರಾಜ್ಯದಲ್ಲಿ. ಇಲ್ಲಿ 1829ರಲ್ಲಿ ಒಂದು ಕಾನೂನು ಮಾಡಿದ್ದರು. ಗುಲಾಮರಿಗೆ ಯಾರಾದರೂ ಓದು ಬರಹ ಕಲಿಸಿದರೆ ಶಿಕ್ಷೆ. ಕಲಿಸಿದವರು ಕಪ್ಪು ಜನರಾದರೆ ಚಾಟಿ ಏಟು ಕೂಡ. ಪಕ್ಕದ ರಾಜ್ಯಗಳಲ್ಲೂ ಇಂಥವೇ ಕಾನೂನು ಇದ್ದವು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನಟ ಲೆವಾರ್ ಬರ್ಟನ್ ಕತೆ ಕೇಳಿ.

1977ರ ಜನವರಿಯಲ್ಲಿ ‘ರೂಟ್ಸ್’ ಧಾರಾವಾಹಿ ಎಂಟು ರಾತ್ರಿ ಸತತವಾಗಿ ಬಂತು. ಆಫ್ರಿಕಾದಿಂದ ಹಿಡಿದು ತಂದ ಕುಂಟಾ ಕಿಂಟೆ ಅನ್ನುವ ಹುಡುಗನ ಪಾತ್ರ ಬರ್ಟನ್ ಅವರದು. ಆಗ ಅವರಿನ್ನೂ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗ, 19 ವರ್ಷ. ‘ನಿನ್ನ ಹೆಸರು ಟೋಬಿ ಅನ್ನು’ ಅಂತ ಕಟ್ಟಿಹಾಕಿ ಹೊಡೆಯುತ್ತಾರೆ. ಅವನು ಮತ್ತೆ ಮತ್ತೆ ‘ಕುಂಟಾ’ ಅನ್ನುತ್ತಾನೆ. ಅಮೆರಿಕದ ಅರ್ಧದಷ್ಟು ಜನ ಆ ಧಾರಾವಾಹಿ ನೋಡಿದರು.

ಆರು ವರ್ಷ ಕಳೆದು, 1983ರಲ್ಲಿ, ಅದೇ ಮನುಷ್ಯ ಸರ್ಕಾರಿ ನೆರವಿನ ಪಿಬಿಎಸ್ ಚಾನೆಲ್ಲಿನಲ್ಲಿ ‘ರೀಡಿಂಗ್ ರೇನ್‌ಬೋ’ ನಡೆಸಿಕೊಡಲು ಶುರುಮಾಡಿದರು. ಮಕ್ಕಳಿಗೆ ಪುಸ್ತಕ ತೋರಿಸುವ ಕಾರ್ಯಕ್ರಮ. ಒಂದೊಂದು ಕಂತಿನಲ್ಲಿ ಒಂದು ಕತೆ. ಕೊನೆಗೆ ಮಕ್ಕಳೇ ಬಂದು ತಮಗೆ ಇಷ್ಟವಾದ ಪುಸ್ತಕದ ಬಗ್ಗೆ ಹೇಳಬೇಕು. ಅದಕ್ಕೆ ಮುಂಚೆ ಬರ್ಟನ್ ಒಂದು ಮಾತು ಹೇಳುತ್ತಿದ್ದರು: ‘ನನ್ನ ಮಾತನ್ನೇ ನಂಬಬೇಕಾಗಿಲ್ಲ.’ 2006ರ ತನಕ ನಡೆಯಿತು. ನನ್ನ ದೊಡ್ಡ ಮಗಳು ಇಂಗ್ಲಿಷ್ ಓದಲು ಕಲಿತದ್ದು ಅದರ ಮುಂದೆ ಕೂತು. ನಾನು ಆಗ ಹೊಸದಾಗಿ ಬಂದವಳು, ಲೈಬ್ರರಿಗೆ ಹೋಗಿ ಏನು ಕೇಳಬೇಕು ಅಂತಲೂ ಗೊತ್ತಿರಲಿಲ್ಲ. ಟಿವಿಯಲ್ಲಿ ಅವರು ತೋರಿಸಿದ ಪುಸ್ತಕದ ಹೆಸರು ಕ್ಯಾಲೆಂಡರಿನ ಹಿಂದೆ ಬರೆದುಕೊಂಡು ಹೋಗುತ್ತಿದ್ದೆ.

2014ರಲ್ಲಿ ಅದನ್ನು ಆನ್‌ಲೈನಿನಲ್ಲಿ ಮತ್ತೆ ತರುತ್ತೇನೆ, 10 ಲಕ್ಷ ಡಾಲರ್ ಬೇಕು ಅಂತ ಜನರನ್ನು ಕೇಳಿದರು. ಒಂದು ದಿನ ಕಳೆಯುವ ಮೊದಲೇ ಅಷ್ಟೂ ಬಂತು. ಕೊನೆಗೆ ಆದದ್ದು 50 ಲಕ್ಷಕ್ಕೂ ಮೇಲೆ, ಕೊಟ್ಟವರು ಒಂದು ಲಕ್ಷಕ್ಕೂ ಹೆಚ್ಚು ಜನ. ಚಿಕ್ಕವರಿದ್ದಾಗ ಅದನ್ನು ನೋಡಿದ ಎಷ್ಟೋ ಜನ ಆ ಹೊತ್ತಿಗೆ ಸಂಬಳ ಎಣಿಸುವವರಾಗಿದ್ದರು.

ಇನ್ನೊಂದು ಗಮನಿಸಿದಿರಾ? 1969ರಲ್ಲಿ ಅಕ್ಷರ ಹೇಳಿದವರು ಜೋನ್ಸ್. 1971ರಿಂದ ‘ದಿ ಎಲೆಕ್ಟ್ರಿಕ್ ಕಂಪನಿ’ಯಲ್ಲಿ ಬೀದಿಬೀದಿಯ ಬೋರ್ಡು, ಚೀಟಿ, ಪೊಟ್ಟಣ ಎಲ್ಲ ಓದುತ್ತಾ ತಿರುಗುವ ‘ಈಸಿ ರೀಡರ್’ ಆಗಿದ್ದವರು ಮಾರ್ಗನ್ ಫ್ರೀಮನ್. 1983ರಿಂದ ಬರ್ಟನ್. ಅಕ್ಷರ ಕಲಿತರೆ ಏಟು ಅಂದಿದ್ದ ದೇಶದಲ್ಲಿ, ಆ ಗುಲಾಮರ ಮೊಮ್ಮಕ್ಕಳ ಮಕ್ಕಳು ಬಿಳಿಯ ಮಕ್ಕಳಿಗೂ ಸೇರಿಸಿ ಅಕ್ಷರ ಕಲಿಸಿದರು.

ಮೈಸೂರಿನ ಅಪ್ಪ:

ಅಕ್ಕಾ, ಕೊನೆಯ ಸಾಲು ಹಾಗೇ ಬರೆದಿಟ್ಟುಕೊಂಡೆ. ಮಾತಿನ ಮನೆ ಮೇಡಂ, ನಾನು ನಿಜಕ್ಕೂ ಅವನ ವಾಕ್ಯ ಮುಗಿಸುತ್ತಿದ್ದೆ. ಸಹಾಯ ಅಂದುಕೊಂಡಿದ್ದೆ. ನಿನ್ನೆಯಿಂದ ನಿಲ್ಲಿಸಿದ್ದೇನೆ. ಬುಧವಾರ ಸ್ಪೀಚ್ ಅಂಡ್ ಹಿಯರಿಂಗ್‌ಗೆ ಹೋಗುತ್ತಿದ್ದೇವೆ.

ತುಮಕೂರು ಹುಡುಗ:

ನಂದು ಚಿಕ್ಕದು. ನಟ ಚಾಡ್ವಿಕ್ ಬೋಸ್‌ಮನ್. ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಆಕ್ಸ್‌ಫರ್ಡಿನ ಬೇಸಿಗೆ ನಾಟಕ ತರಬೇತಿಗೆ ಆಯ್ಕೆ ಆದರು. ಹೋಗುವುದಕ್ಕೆ ದುಡ್ಡಿಲ್ಲ. ಅವರ ಮೇಡಂ, ನಟಿ ಫಿಲೀಶಿಯಾ ರಶಾದ್, ತಮಗೆ ಗೊತ್ತಿದ್ದವರನ್ನು ಕೇಳಿದರು. ಯಾರೋ ಕೊಟ್ಟರು. ವಾಪಸ್ ಬಂದ ಮೇಲೆ ಕಾಗದ ಬಂದಾಗ ಗೊತ್ತಾಯಿತು, ಕೊಟ್ಟವರು ಡೆಂಜೆಲ್ ವಾಷಿಂಗ್ಟನ್. ಅದೇ ಡೆಂಜೆಲ್ 2002ರಲ್ಲಿ ಅತ್ಯುತ್ತಮ ನಟ ಆಸ್ಕರ್ ಪಡೆದರು. ಪಾಯ್ಟಿಯರ್ ಆದಮೇಲೆ ಆ ಪ್ರಶಸ್ತಿ ಇನ್ನೊಬ್ಬ ಕಪ್ಪುವರ್ಣೀಯ ಗಂಡಸಿಗೆ ಬರಲು 38 ವರ್ಷ ಹಿಡಿಯಿತು! ಅವತ್ತೇ ಪಾಯ್ಟಿಯರ್ ಅವರಿಗೂ ಗೌರವ ಆಸ್ಕರ್ ಕೊಟ್ಟಿದ್ದರು. ಡೆಂಜೆಲ್ ವೇದಿಕೆ ಮೇಲಿಂದ ತಮ್ಮ ಪ್ರತಿಮೆ ಎತ್ತಿ ಹಿಡಿದರು. ಮೇಲೆ ಕೂತಿದ್ದ ಪಾಯ್ಟಿಯರ್ ಎದ್ದು ನಿಂತು ತಮ್ಮದನ್ನು ಎತ್ತಿದರು.

ಹೋಟೆಲಿನ ಸಪ್ಲೈಯರ್ ಪಾಯ್ಟಿಯರ್ ಅವರಿಗೆ. ಅವರನ್ನು ನೋಡಿ ಡೆಂಜೆಲ್. ಅವರ ದುಡ್ಡಿನಲ್ಲಿ ಬೋಸ್‌ಮನ್. 2018ರಲ್ಲಿ ‘ಬ್ಲ್ಯಾಕ್ ಪ್ಯಾಂಥರ್’ ಸಿನಿಮಾ.

ಬೋಸ್‌ಮನ್ ಅವರಿಗೆ ಕರುಳಿನ ಕ್ಯಾನ್ಸರ್ ಇದೆ ಅಂತ 2016ರಲ್ಲೇ ಗೊತ್ತಾಗಿತ್ತು. ಆ ಸಿನಿಮಾ ಮಾಡಿದ್ದು ಚಿಕಿತ್ಸೆಯ ವರ್ಷಗಳಲ್ಲಿ. ಸಿನಿಮಾ ನೋಡುವ ತನಕ ಬದುಕಿರಬೇಕು ಅಂತ ಕಾಯುತ್ತಿದ್ದ ಕ್ಯಾನ್ಸರ್ ಇದ್ದ ಇಬ್ಬರು ಮಕ್ಕಳ ಬಗ್ಗೆ ಒಂದು ಸಂದರ್ಶನದಲ್ಲಿ ಹೇಳುತ್ತಾ ಅತ್ತುಬಿಟ್ಟರು. ಆಗ ನೋಡಿದವರಿಗೆ ಯಾರಿಗೂ ಗೊತ್ತಿರಲಿಲ್ಲ ಇವರೂ ಅದೇ ಕಾಯಿಲೆಯವರು ಅಂತ. 2020ರ ಆಗಸ್ಟ್ 28ರಂದು ಹೋದರು. 43 ವರ್ಷ. ಆ ರಾತ್ರಿ ನಾನು ಆ ಸಂದರ್ಶನ ಮತ್ತೆ ಹಾಕಿ ನೋಡಿದೆ.

ಸುದ್ದಿಮನೆ:

ನಾನು ಪತ್ರಿಕೆಯ ಡೆಸ್ಕಿನಲ್ಲಿ ಇದ್ದು ನಿವೃತ್ತನಾದವನು. ಸಿನಿಮಾದವರು ಸಾಕಷ್ಟು ಆದರು, ಸುದ್ದಿಯವರನ್ನೂ ಸೇರಿಸಿ.

ಮ್ಯಾಕ್ಸ್ ರಾಬಿನ್ಸನ್. 1959, ವರ್ಜೀನಿಯಾದ ಪೋರ್ಟ್ಸ್‌ಮತ್. ಅಲ್ಲಿನ ಒಂದು ಟಿವಿ ಕೇಂದ್ರದಲ್ಲಿ ಇವರಿಗೆ ಸುದ್ದಿ ಓದುವ ಕೆಲಸ ಸಿಕ್ಕಿತು. ಆದರೆ ಮುಖ ತೋರಿಸುವಂತಿಲ್ಲ. ಓದುವಷ್ಟು ಹೊತ್ತೂ ಪರದೆ ಮೇಲೆ ಚಾನೆಲ್ಲಿನ ಲಾಂಛನ ಇರುವ ಸ್ಲೈಡು. ಜನರಿಗೆ ದನಿ ಬೇಕು, ದನಿಯ ಬಣ್ಣ ಬೇಡ. ಒಂದು ದಿನ ಓದಲು ಕೂತಾಗ ಆ ಸ್ಲೈಡು ತೆಗೆಯಿರಿ ಅಂದರು. ತೆಗೆದರು. ಆ ದಿನದ ಸುದ್ದಿಯನ್ನು ಮುಖ ತೋರಿಸಿಯೇ ಓದಿದರು. ಮಾರನೇ ದಿನ ಕೆಲಸ ಹೋಯಿತು.

ಆಗ ಅವರಿಗೆ ಇಪ್ಪತ್ತು. 1978ರಲ್ಲಿ ಎಬಿಸಿ ಚಾನೆಲ್ಲಿನ ರಾತ್ರಿ ಸುದ್ದಿಯನ್ನು ಇಡೀ ದೇಶಕ್ಕೆ ಹೇಳುವ ಮೂವರಲ್ಲಿ ಒಬ್ಬರಾದರು. ಅಮೆರಿಕದ ರಾಷ್ಟ್ರೀಯ ಚಾನೆಲ್ಲಿನಲ್ಲಿ ಆ ಜಾಗಕ್ಕೆ ಬಂದ ಮೊದಲ ಕಪ್ಪುವರ್ಣೀಯ. ಅದಕ್ಕೂ ಮುಂಚೆ, 1975ರಲ್ಲಿ, ಕಪ್ಪು ಪತ್ರಕರ್ತರ ರಾಷ್ಟ್ರೀಯ ಸಂಘ ಕಟ್ಟಿದ 44 ಜನರಲ್ಲಿ ಇವರೂ ಇದ್ದರು. ಒಳಗಿನ ಜನರನ್ನು ಎದುರುಹಾಕಿಕೊಂಡು ಮಾತಾಡುತ್ತಿದ್ದರು, ಅದಕ್ಕೆ ಬೆಲೆಯನ್ನೂ ತೆತ್ತರು. ಸುಖವಾದ ಬದುಕಲ್ಲ ಅದು. 1988ರಲ್ಲಿ ಏಡ್ಸ್‌ನಿಂದ ತೀರಿಕೊಂಡಾಗ 49 ವರ್ಷ. ಬಾಯಿ ಬಿಟ್ಟರೆ ಮರ್ಯಾದೆ ಹೋಗುತ್ತದೆ ಅನ್ನುವ ಕಾಲ. ತನ್ನ ಸಾವಿನ ಕಾರಣ ಮುಚ್ಚಿಡಬೇಡಿ, ನಮ್ಮ ಜನ ಎಚ್ಚೆತ್ತುಕೊಳ್ಳಲಿ ಅಂದಿದ್ದರು. ಸಾಯುವಾಗಲೂ ಸ್ಲೈಡು ತೆಗೆಸಿದ ಮನುಷ್ಯ.

ಸಿಎನ್‌ಎನ್‌ನ ಬರ್ನಾರ್ಡ್ ಶಾ ಕೂಡ ನನಗೆ ಇಷ್ಟ. 1991ರಲ್ಲಿ ಬಾಗ್ದಾದ್ ಮೇಲೆ ಬಾಂಬು ಬೀಳುವಾಗ ಹೋಟೆಲ್ ಕೋಣೆಯಿಂದ ನೇರ ವರದಿ ಕೊಟ್ಟವರು. ಆ ರಾತ್ರಿ ನಮ್ಮ ಡೆಸ್ಕಿನಲ್ಲಿ ಯಾರೂ ಮನೆಗೆ ಹೋಗಲಿಲ್ಲ.

ಸ್ಟುಡಿಯೋ, ಹುಬ್ಬಳ್ಳಿ:

ಫೋಟೋಗ್ರಾಫರ್ ಹೆಸರು ಯಾರೂ ತೆಗೀಲಿಲ್ಲ, ಅದಕ್ಕ ಬರೀತಿದ್ದೇನೆ. ಗಾರ್ಡನ್ ಪಾರ್ಕ್ಸ್. ಹುಟ್ಟಿದ್ದು ಕಾನ್ಸಾಸ್‌ನ ಫೋರ್ಟ್ ಸ್ಕಾಟ್‌ನಲ್ಲಿ, 1912. ಹದಿನೈದು ಮಕ್ಕಳಲ್ಲಿ ಕೊನೆಯವರು. ರೈಲಿನ ಊಟದ ಬೋಗಿಯಲ್ಲಿ ಸಪ್ಲೈಯರ್ ಆಗಿದ್ದಾಗ ಪ್ರಯಾಣಿಕರು ಬಿಟ್ಟುಹೋದ ಮ್ಯಾಗಜೀನಿನಲ್ಲಿ ಕೂಲಿ ಹುಡುಕಿ ಅಲೆಯುವ ಬಡ ರೈತರ ಫೋಟೋ ನೋಡಿದರು. ಸಿಯಾಟಲ್‌ನಲ್ಲಿ ಒತ್ತೆ ಅಂಗಡಿಯಿಂದ 7.50 ಡಾಲರಿಗೆ ಒಂದು ಹಳೇ ಕ್ಯಾಮೆರಾ ಕೊಂಡರು. ಯಾರ ಹತ್ತಿರವೂ ಕಲಿಯಲಿಲ್ಲ.

1942ರಲ್ಲಿ ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಗೆ ಕೆಲಸಕ್ಕೆ ಬಂದರು. ಊರು ಸುತ್ತಿ ಬಾ ಅಂತ ಕಳಿಸಿದರೆ ಅಂಗಡಿಯಲ್ಲಿ, ಹೋಟೆಲಿನಲ್ಲಿ, ಸಿನಿಮಾ ಮಂದಿರದಲ್ಲಿ ಎಲ್ಲ ಕಡೆ ಬಾಗಿಲು ಹಾಕಿದರು. ಸಿಟ್ಟಿನಲ್ಲಿ ವಾಪಸ್ ಬಂದರು. ಮೇಲಧಿಕಾರಿ, ಅಲ್ಲಿ ಕಸ ಗುಡಿಸುವ ಹೆಣ್ಣುಮಗಳ ಹತ್ತಿರ ಹೋಗಿ ಮಾತಾಡು ಅಂದರು. ಆಕೆ ಎಲಾ ವಾಟ್ಸನ್. ಮಾತಾಡಿದರು. ಆಮೇಲೆ ಗೋಡೆ ತುಂಬ ಇಳಿಬಿಟ್ಟ ಅಮೆರಿಕದ ಬಾವುಟದ ಮುಂದೆ ಆಕೆಯನ್ನು ನಿಲ್ಲಿಸಿದರು. ಒಂದು ಕೈಯಲ್ಲಿ ಪೊರಕೆ, ಪಕ್ಕದಲ್ಲಿ ನೆಲ ಒರೆಸುವ ಕೋಲು. ನಾನು ಹೊಸ ಹುಡುಗರಿಗೆ ಪೋರ್ಟ್ರೇಟ್ ಹೇಳಿಕೊಡುವಾಗ ಮೊದಲು ಇದನ್ನು ತೋರಿಸುತ್ತೇನೆ. ಬಾವುಟ ಫೋಕಸ್ಸಿನಲ್ಲಿಲ್ಲ, ಮಸುಕಾಗಿದೆ. ಆಕೆ ಮಾತ್ರ ಚೊಕ್ಕ ಕಾಣುತ್ತಾಳೆ. ಆಕೆಯ ಅಂಗಿಯ ಚುಕ್ಕೆಗಳನ್ನು ಎಣಿಸಬಹುದು.

1969ರಲ್ಲಿ ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗೆ ಸಿನಿಮಾ ನಿರ್ದೇಶಿಸಿದ ಮೊದಲ ಕಪ್ಪುವರ್ಣೀಯರೂ ಇವರೇ. ಕ್ಯಾಮೆರಾವನ್ನು ಆಯುಧ ಅಂತ ಕರೆಯುತ್ತಿದ್ದರು.

ಒಂದು ಪ್ರಶ್ನೆ:

ಎಲ್ಲ ಚೆನ್ನಾಗಿದೆ. ಆದರೆ ನಟ ಬಿಲ್ ಕಾಸ್ಬಿ? 1984ರಿಂದ 92ರ ತನಕ ‘ದಿ ಕಾಸ್ಬಿ ಶೋ’ ಧಾರಾವಾಹಿಯಲ್ಲಿ ಇಡೀ ಅಮೆರಿಕಕ್ಕೆ ಮಾದರಿ ಅಪ್ಪ ಅಂದರೆ ಅವರೇ ಆಗಿದ್ದರು. ಆಮೇಲೆ ಹತ್ತಾರು ಹೆಂಗಸರು ದೂರು ಹೇಳಿದರು. ನಾಳೆ ಈ ಹುಡುಗರು ಕೇಳಿದರೆ ಏನು ಹೇಳುತ್ತೀರಿ?

ಅಟ್ಲಾಂಟಾದಿಂದ ಅಕ್ಕ:

ಕೇಳಿದ್ದು ಒಳ್ಳೆಯದಾಯಿತು. ನಡೆದದ್ದನ್ನು ನಡೆದ ಹಾಗೆ ಹೇಳಬೇಕು. 2018ರಲ್ಲಿ ಕೋರ್ಟಿನಲ್ಲಿ ಲೈಂಗಿಕ ದೌರ್ಜನ್ಯದ ಅಪರಾಧ ಸಾಬೀತಾಗಿ ಜೈಲಿಗೆ ಹೋದರು. 2021ರಲ್ಲಿ ಪೆನ್ಸಿಲ್ವೇನಿಯಾ ಸುಪ್ರೀಂ ಕೋರ್ಟು, ಮೊಕದ್ದಮೆ ಹೂಡುವುದಿಲ್ಲ ಅಂತ ಹಿಂದಿನ ಸರ್ಕಾರಿ ವಕೀಲರು ಕೊಟ್ಟ ಮಾತು ಮುರಿದದ್ದು ಸರಿಯಲ್ಲ ಅಂತ ಆ ತೀರ್ಪು ರದ್ದು ಮಾಡಿತು. ಅವರು ಆರೋಪಗಳನ್ನು ಒಪ್ಪಿಲ್ಲ. ಆ ಧಾರಾವಾಹಿ ನೋಡಿ ನಾವೂ ನಕ್ಕಿದ್ದೆವು. ಆ ಹೆಂಗಸರು ಮಾತಾಡಿದಾಗ ನಾನು ನಂಬಿದೆ, ತುಂಬ ನೊಂದುಕೊಂಡೆ.

ನನ್ನ ಮಕ್ಕಳಿಗೆ ನಾನು ಹೇಳಿದ್ದು ಇಷ್ಟು. ಪರದೆ ಮೇಲಿನ ಅಪ್ಪ ಒಂದು ಪಾತ್ರ. ಯಾರನ್ನು ಮೆಚ್ಚಬೇಕು ಅಂತ ನೋಡುವಾಗ, ಅವರು ತಮಗಿಂತ ಕೈಲಾಗದವರ ಜೊತೆ ಹೇಗಿದ್ದರು ಅಂತ ನೋಡು.

ಯಲ್ಲಾಪುರದವ:

ಎರಡು ದಿನದಿಂದ ಓದುತ್ತಿದ್ದೆ, ಬರೆಯಲೋ ಬೇಡವೋ ಅಂತ. ನಾನು ಸಿದ್ದಿ. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಪೋರ್ಚುಗೀಸರು ಗೋವಾಕ್ಕೆ ಗುಲಾಮರನ್ನಾಗಿ ತಂದರು, ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು ಅಂತ ಹೇಳುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ನಾವಿದ್ದೇವೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು.

ನಾನು ಹುಟ್ಟಿ ಬೆಳೆದದ್ದು ಇಲ್ಲೇ, ಕನ್ನಡ ಶಾಲೆಯಲ್ಲಿ ಓದಿದ್ದೇನೆ. ಬೆಂಗಳೂರಿಗೆ ಹೋದರೆ ಆಟೋದವರು ಇಂಗ್ಲಿಷಿನಲ್ಲಿ ರೇಟು ಹೇಳುತ್ತಾರೆ. ‘ಅಣ್ಣಾ, ಮೀಟರ್ ಹಾಕಿ’ ಅಂದರೆ ಹಿಂದೆ ತಿರುಗಿ ನೋಡುತ್ತಾರೆ. ಎಷ್ಟು ಚೆನ್ನಾಗಿ ಕನ್ನಡ ಕಲಿತಿದ್ದೀಯಪ್ಪ ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ನನಗೆ ಮಾತ್ರ ಅವತ್ತಿಡೀ ಮನಸ್ಸು ಸರಿ ಇರುವುದಿಲ್ಲ.

ಚಿಕ್ಕವನಿದ್ದಾಗ ಸಿನಿಮಾದಲ್ಲಿ ನಮ್ಮಂಥ ಕೂದಲು, ನಮ್ಮಂಥ ಮುಖ ಕಂಡದ್ದು ಖಳನ ಹಿಂದೆ ಕೈಕಟ್ಟಿ ನಿಂತವನಾಗಿ. ಅವನಿಗೆ ಮಾತೇ ಇರುತ್ತಿರಲಿಲ್ಲ. ಹೊಡೆತ ತಿಂದು ಬೀಳುವುದಷ್ಟೇ ಅವನ ಕೆಲಸ. ಹಾಗಾಗಿ, ನೀನಾಸಂನಲ್ಲಿ ನಾಟಕ ಕಲಿತು ಕನ್ನಡ ಸಿನಿಮಾಕ್ಕೆ ಬಂದ ಪ್ರಶಾಂತ್ ಸಿದ್ದಿ ಪರದೆ ಮೇಲೆ ಅಚ್ಚ ಕನ್ನಡದಲ್ಲಿ ಮಾತಾಡಿದಾಗ ನಮ್ಮ ಕೇರಿಯಲ್ಲಿ ಏನಾಯಿತು ಅಂತ ನಿಮಗೆ ಹೇಗೆ ಹೇಳಲಿ. ನಮ್ಮಜ್ಜ ಟಿವಿ ಹತ್ತಿರ ಹೋಗಿ ಕೂತರು. ಕಣ್ಣು ಮಂಜು, ಅದಕ್ಕೆ. ‘ಇಂವ ನಮ್ಮಾಂವ’ ಅಂದರು. ಆಮೇಲೆ ನಮ್ಮ ಡೋಲು ಡಮಾಮಿ ತೆಗೆದು ಎರಡು ಪೆಟ್ಟು ಹೊಡೆದರು. ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ.

ಮೈಸೂರಿನ ಸರ್, ನಿಮ್ಮ ಶನಿವಾರದ ಪಟ್ಟಿಯಲ್ಲಿ ಅಮೆರಿಕದವರ ಜೊತೆ ಇವರ ಹೆಸರೂ ಬರೆಯಿರಿ.

ಮೈಸೂರಿನ ಅಪ್ಪ:

ಬರೆದೆ. ಮೊದಲ ಶನಿವಾರ ಅವರದೇ. ನಮ್ಮ ಹುಡುಗರಲ್ಲಿ ಒಬ್ಬನಿಗೂ ಕರ್ನಾಟಕದಲ್ಲಿ ಸಿದ್ದಿಯರು ಇದ್ದಾರೆ ಅಂತ ಗೊತ್ತಿರಲಿಲ್ಲ. ಮ್ಯಾಪು ತೆಗೆದು ಯಲ್ಲಾಪುರ ತೋರಿಸಿದೆ. ನಿಮ್ಮ ಆಟೋ ವಿಷಯವನ್ನೂ ಹೇಳಿದೆ. ಒಬ್ಬ ಹುಡುಗ ‘ನಾವೂ ಹಾಗೇ ಮಾತಾಡಿಸ್ತಿದ್ವೇನೋ ಅಂಕಲ್’ ಅಂದ.

ಎರಡನೇ ಶನಿವಾರ ಮ್ಯಾಕ್ಸ್ ರಾಬಿನ್ಸನ್. ಸ್ಲೈಡಿನ ಕತೆ ಆದಮೇಲೆ ಮಗ ಬಹಳ ಹೊತ್ತು ಏನೋ ಯೋಚಿಸುತ್ತಿದ್ದ. ‘ಅವರಿಗೆ ದನಿ ತೋರ್ಸೋಕೆ ಬಿಟ್ರು, ಮುಖ ಬಿಡ್ಲಿಲ್ಲ. ನಂಗೆ ಉಲ್ಟಾ’ ಅಂದ. ಅದನ್ನು ಹೇಳುವಾಗ ಎರಡು ಕಡೆ ಸಿಕ್ಕಿಕೊಂಡ. ಯಾರೂ ಅವನ ಮಾತು ಮುಗಿಸಲಿಲ್ಲ. ಕಾದೆವು.

ಸ್ಪೀಚ್ ಅಂಡ್ ಹಿಯರಿಂಗ್‌ನಲ್ಲಿ ವಾರಕ್ಕೆರಡು ಸಲ ಬರಲು ಹೇಳಿದ್ದಾರೆ. ಹೋಗುತ್ತಿದ್ದೇವೆ.

ಇವತ್ತು ಬೆಳಿಗ್ಗೆಯ ವಿಷಯ ಹೇಳಿ ನಿಲ್ಲಿಸುತ್ತೇನೆ. ನನ್ನ ಚಿಕ್ಕ ಮಗಳಿಗೆ ನಾಲ್ಕು ವರ್ಷ, ಈಗ ಅಕ್ಷರ ಶುರು. ಅಡುಗೆಮನೆಯ ಬಾಗಿಲ ಹತ್ತಿರ ಅಣ್ಣ ಸ್ಲೇಟು ಹಿಡಿದು ಕೂತಿದ್ದ. ಅಕ್ಷರ ಬರೆಯುತ್ತಾನೆ, ಅವಳ ಕಡೆ ತಿರುಗಿಸುತ್ತಾನೆ, ಅವಳನ್ನೇ ನೋಡುತ್ತಾ ಸುಮ್ಮನಿರುತ್ತಾನೆ. ಆಮೇಲೆ ಆ ಸಿಂಹದ ದನಿ ಮಾಡಿ ಹೇಳುತ್ತಾನೆ. ಅ. ಆ. ಇ. ಜೋನ್ಸ್ ಅವರ ವಿಡಿಯೋ ನೋಡಿ ಕಲಿತದ್ದು. ಸ್ವರ ಎಲ್ಲ ಮುಗಿದು ‘ಕ’ ಬಂತು. ಬರೆದ, ತಿರುಗಿಸಿದ, ಕಾದ. ಅವನಿಗೆ ಸಿಕ್ಕಿಕೊಂಡಿತೋ, ಬೇಕಂತಲೇ ನಿಂತನೋ ನನಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅವಳೇ ‘ಕ!’ ಅಂತ ಕೂಗಿದಳು. ಅವನು ತಲೆ ಆಡಿಸಿ, ಒಂದು ಉಸಿರು ತೆಗೆದುಕೊಂಡು, ಅವಳ ಹಿಂದೆ ತಾನೂ ‘ಕ’ ಅಂದ. ಸ್ಲೇಟು ಒರೆಸಿ ‘ಖ’ ಬರೆದ.